ಗೃಹಸ್ಥರೊಡನೆ ನಾಲ್ಕು ಮಾತು: ಮನೆಯನ್ನು ಕೊಳ್ಳುವ ಕಾಲ

ಬೆಂಗಳೂರಿನಲ್ಲಿ ಈಗಲೇ ಒಂದು ಮನೆಯನ್ನು ಕೊಂಡುಬಿಡುವುದು ಲೇಸೋ, ಬೆಲೆ ಇಳಿಯುವವರೆಗೆ ಕಾದಿರುವುದು ಲೇಸೋ ಎಂದು ನಮ್ಮ ವಾಚಕರಲ್ಲಿ ಹಲವರು ಕೇಳುತ್ತಲಿರುವರು. ಕೇಳುವವರಲ್ಲಿ ಬ್ಯಾಂಕಿನ ಗುಮಾಸ್ತರಿರುವರು. ಕಂಪ್ಯೂಟರ್ ಕೆಲಸದ ದಂಪತಿಗಳಿರುವರು. ಊರಿನ ತೋಟವನ್ನು ಮಾರಿ ಬಂದ ಹಣವನ್ನು ಏನು ಮಾಡಬೇಕೆಂದು ತೋಚದ ಹಿರಿಯರೂ ಇರುವರು. ಪ್ರಶ್ನೆಯ ಮಾತು ಬೇರೆಬೇರೆಯಾದರೂ ಅದರೊಳಗಿನ ಭಯವು ಒಂದೇ. ಇಂದು ಕೊಳ್ಳದಿದ್ದರೆ ನಾಳೆ ಅದು ನಮ್ಮ ಕೈಗೆ ಎಟುಕಲಾರದು ಎಂಬುದೇ ಆ ಭಯ. ಮನೆ ಮಾರುವವರೂ ದಲ್ಲಾಳಿಗಳೂ ಈ ಭಯವನ್ನು ಚೆನ್ನಾಗಿ ಬಲ್ಲರು. “ಸ್ವಾಮಿ, ಇನ್ನು ಎರಡೇ ಫ್ಲ್ಯಾಟು ಉಳಿದಿವೆ, ಸೋಮವಾರದಿಂದ ದರ ಏರುವುದು” ಎಂಬ ಮಾತನ್ನು ಕೇಳದೆ ಮನೆ ನೋಡಿ ಬಂದವರು ಈ ಊರಿನಲ್ಲಿ ಯಾರಿರುವರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎರಡು ಕಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದರು. ಈಗಿನವರು ಕಟ್ಟುವುದನ್ನು ಬಿಟ್ಟು, ಕಟ್ಟಿ ಮುಗಿದುದನ್ನೋ ಇನ್ನೂ ಕಟ್ಟಬೇಕಾಗಿರುವುದನ್ನೋ ಕೊಳ್ಳುವರು. ಕಷ್ಟವು ಮಾತ್ರ ಕಡಮೆಯಾದಂತೆ ಕಾಣಲಿಲ್ಲ. ಇದರ ಮೇಲೆ, ಸ್ವಂತ ಮನೆಯಿಲ್ಲದವನು ಸಂಸಾರಿಯೇ ಅಲ್ಲವೆಂಬಂತೆ ನೆಂಟರಿಷ್ಟರು ಆಡುವ ಮಾತು ಬೇರೆ. ಗೃಹಸ್ಥನೆಂದರೆ ಗೃಹದಲ್ಲಿ ಇರತಕ್ಕವನು ಎಂದಷ್ಟೇ ವ್ಯುತ್ಪತ್ತಿ; ಆ ಗೃಹದ ಖಾತೆಯು ಯಾರ ಹೆಸರಿನಲ್ಲಿದೆಯೆಂದು ವ್ಯಾಕರಣವು ವಿಚಾರಿಸುವುದಿಲ್ಲ. ಬಾಡಿಗೆಯ ಮನೆಯಲ್ಲಿಯೇ ಇದ್ದು ಮಕ್ಕಳನ್ನು ಓದಿಸಿ, ಮದುವೆ ಮಾಡಿ, ಮರ್ಯಾದೆಯಿಂದ ಬಾಳಿದ ಉಪಾಧ್ಯಾಯರನ್ನು ನಾವು ಬೇಕಾದಷ್ಟು ಮಂದಿಯನ್ನು ಬಲ್ಲೆವು. ಹಾಗೆಂದು ಸ್ವಂತ ಮನೆ ಬೇಡವೆಂಬುದು ನಮ್ಮ ಮತವಲ್ಲ. ಮುಪ್ಪಿನಲ್ಲಿ ಯಾರೂ ಏಳೆನ್ನದ ಒಂದು ಮೂಲೆ ಇರಬೇಕೆಂಬ ಆಸೆಯು ನ್ಯಾಯವಾದುದೇ. ಆದರೆ ಅದನ್ನು ಸಂಪಾದಿಸುವ ಕಾಲವನ್ನು ಪೇಟೆಯ ಬೆಲೆಯನ್ನು ನೋಡಿ ಗೊತ್ತುಮಾಡಬಾರದು, ನಮ್ಮ ಮನೆಯ ಲೆಕ್ಕದ ಪುಸ್ತಕವನ್ನು ನೋಡಿ ಗೊತ್ತುಮಾಡಬೇಕು ಎಂದು ನಾವು ಹೇಳುವೆವು. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಬೆಲೆಯ ಏರಿಳಿತವನ್ನು ಮೊದಲೇ ಕಂಡವರು ಯಾರೂ ಇಲ್ಲ. ೧೮೯೮ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಯನ್ನು ಹೊಕ್ಕಿತು. ಇಕ್ಕಟ್ಟಿನ ಗಲ್ಲಿಗಳನ್ನು ಬಿಟ್ಟು ಜನರು ಬಯಲಿಗೆ ಓಡಿದರು. ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದುದು ಆ ಮಾರಿಯ ಬೆನ್ನಿಗೆ. ಅಂದು ಅಲ್ಲಿ ಒಂದು ನಿವೇಶನವನ್ನು ಹಿಡಿದವನು ಪ್ರಾಣಭಯದಿಂದ ಹಿಡಿದನೇ ಹೊರತು ಮೊಮ್ಮಕ್ಕಳ ಕಾಲಕ್ಕೆ ಅದು ಚಿನ್ನವಾಗುವುದೆಂದು ಲೆಕ್ಕ ಹಾಕಿ ಅಲ್ಲ. ೧೯೪೮ರಲ್ಲಿ ಹುಟ್ಟಿದ ಜಯನಗರವೂ ಮೊದಮೊದಲು ಊರಾಚೆಯ ಜಾಗವೇ ಆಗಿದ್ದಿತು. ನಮ್ಮ ಕಾಲಕ್ಕೆ ಬಂದರೆ, ೧೯೯೫ರ ಸುಮಾರಿಗೆ ನಿವೇಶನಗಳ ಬೆಲೆಯು ಹಾರಿದುದನ್ನು ಕಂಡೆವು. ಅನಂತರ ಅದು ಕೆಲವು ವರ್ಷಗಳ ಕಾಲ ಕುಗ್ಗಿ ಕುಳಿತಿತು. ಆ ಏರಿನ ತುದಿಯಲ್ಲಿ ಕೊಂಡವರು ತಾವು ಕೊಟ್ಟ ಹಣದ ಮುಖವನ್ನು ಮತ್ತೆ ನೋಡಲು ಮುಂದಿನ ದಶಕದವರೆಗೆ ಕಾಯಬೇಕಾಯಿತು. ಬಳಿಕ ಕಂಪ್ಯೂಟರ್ ಉದ್ಯಮದ ಏಳಿಗೆ ಬಂದಿತು. ೨೦೦೮ರಲ್ಲಿ ಲೋಕವ್ಯಾಪಿಯಾದ ಹಣದ ಮುಗ್ಗಟ್ಟು ಬಂದಿತು. ೨೦೧೬ರ ನವೆಂಬರಿನಲ್ಲಿ ನೋಟುಗಳ ರದ್ದತಿ ಬಂದಿತು. ಅಲ್ಲಿಂದ ಮುಂದೆ ಕೆಲವು ವರ್ಷ, ಕಟ್ಟಿದ ಮನೆಗಳು ಕೊಳ್ಳುವವರಿಲ್ಲದೆ ನಿಂತಿದ್ದುವು.

೨೦೨೦ರ ಸಂಗತಿಯನ್ನಂತೂ ಎಲ್ಲರೂ ಕಂಡಿರುವರು. ಕೊರೋನಾ ಬಂದು ಕಚೇರಿಗಳು ಮುಚ್ಚಿದುವು. ತರುಣರು ಗಂಟುಮೂಟೆ ಕಟ್ಟಿಕೊಂಡು ಹುಟ್ಟಿದೂರುಗಳಿಗೆ ಹೊರಟರು. ಬೀದಿ ಬೀದಿಯಲ್ಲಿ “ಮನೆ ಬಾಡಿಗೆಗೆ ಇದೆ” ಎಂಬ ಹಲಗೆಗಳು ತೂಗಾಡಿದುವು. ಇನ್ನು ಬೆಂಗಳೂರಿನ ಕಥೆ ಮುಗಿಯಿತು, ಯಾರು ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂದು ಬಲ್ಲವರೇ ಬರೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಕಚೇರಿಗಳು ಜನರನ್ನು ಹಿಂದಕ್ಕೆ ಕರೆದುವು. ಅದೇ ಹಲಗೆ ತೂಗಿದ್ದ ಮನೆಗೆ ೨೦೨೩ರಲ್ಲಿ ಹತ್ತು ಮಂದಿ ಬಂದು, ಮನೆಯ ಯಜಮಾನರ ಮುಂದೆ ಪರೀಕ್ಷೆಗೆ ನಿಂತ ವಿದ್ಯಾರ್ಥಿಗಳಂತೆ ಕೈಕಟ್ಟಿ ನಿಲ್ಲಬೇಕಾಯಿತು. ಬಾಡಿಗೆಯೂ ಏರಿತು, ಕ್ರಯವೂ ಏರಿತು. ಈ ಮೂವತ್ತು ವರ್ಷಗಳ ಚರಿತ್ರೆಯನ್ನು ಓದಿದವನಿಗೆ ಬೆಲೆಯು ಬಹುಕಾಲದ ಮೇಲೆ ಏರಿದೆಯೆಂಬುದು ತಿಳಿಯುವುದೇ ಹೊರತು, ಬರುವ ವರ್ಷ ಏನಾಗುವುದೆಂಬುದು ತಿಳಿಯದು. ಜ್ಯೋತಿಷಿಗಳು ಕೂಡ ಈ ವಿಷಯದಲ್ಲಿ ಎಚ್ಚರಿಕೆಯಿಂದ ಮಾತನಾಡುವರು. ದಲ್ಲಾಳಿಗಳಿಗೆ ಆ ಸಂಕೋಚವಿಲ್ಲ.

ಇನ್ನು ಬಡ್ಡಿಯ ವಿಚಾರ. ಬಡ್ಡಿ ಇಳಿದಿದೆ, ಆದುದರಿಂದ ಕೊಳ್ಳಲು ಇದೇ ಸಮಯ ಎಂದು ಹೇಳುವವರುಂಟು. ರಿಸರ್ವ್ ಬ್ಯಾಂಕಿನ ರೆಪೋ ದರವು ೨೦೨೦ರ ಮೇ ತಿಂಗಳಿಂದ ೨೦೨೨ರ ಮೇ ತಿಂಗಳವರೆಗೆ ನೂರಕ್ಕೆ ೪ ಇದ್ದಿತು. ೨೦೨೩ರ ಫೆಬ್ರವರಿಯ ವೇಳೆಗೆ ಅದು ೬.೫ಕ್ಕೆ ಏರಿತು. ೨೦೨೫ರಲ್ಲಿ ಹಂತಹಂತವಾಗಿ ಇಳಿದು ಡಿಸೆಂಬರಿನಲ್ಲಿ ೫.೨೫ಕ್ಕೆ ಬಂದಿತು. ಮನೆಯ ಸಾಲಗಳಲ್ಲಿ ಹೆಚ್ಚಿನವು ಈ ದರದೊಡನೆ ಏರಿ ಇಳಿಯುವಂಥವು. ಸಾಲದ ಅವಧಿಯಾದರೋ ಇಪ್ಪತ್ತು ವರ್ಷ. ಸಾಲ ತೆಗೆದ ದಿನದ ಬಡ್ಡಿಯನ್ನು ಮಾತ್ರ ನೋಡಿ ಇಪ್ಪತ್ತು ವರ್ಷದ ಹೊರೆಯನ್ನು ಹೊರುವುದು, ಹೊರಡುವ ಹೊತ್ತಿನ ಬಿಸಿಲನ್ನು ನೋಡಿ ಮಳೆಗಾಲದ ಯಾತ್ರೆಗೆ ಕೊಡೆಯಿಲ್ಲದೆ ಹೊರಟಂತೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಬಹುಮಂದಿ ಗಮನಿಸಲಿಲ್ಲ. ೫೦ ಲಕ್ಷ ರೂಪಾಯಿಯನ್ನು ನೂರಕ್ಕೆ ೭ರ ಬಡ್ಡಿಯಂತೆ ೨೦ ವರ್ಷಕ್ಕೆ ಸಾಲ ತಂದವನ ತಿಂಗಳ ಕಂತು ೩೮,೭೬೫ ರೂಪಾಯಿ. ಆರಂಭದಲ್ಲಿಯೇ ಬಡ್ಡಿಯು ೯ಕ್ಕೆ ಏರಿತೆನ್ನಿ. ಆಗ ತಿಂಗಳ ಬಡ್ಡಿಯೇ ೩೭,೫೦೦ ರೂಪಾಯಿ. ಕಂತನ್ನು ಏರಿಸದೆ ಅವಧಿಯನ್ನು ಮಾತ್ರ ನೀಡುತ್ತ ಹೋದರೆ, ೨೦ ವರ್ಷದ ಸಾಲವು ತೀರಲು ೩೮ ವರ್ಷ ಬೇಕಾಗುವುದು! ಬಡ್ಡಿಯು ೯.೫ ಆದರೆ ಆ ಕಂತು ಬಡ್ಡಿಗೇ ಸಾಲದು. ಅಸಲು ಕರಗುವುದಕ್ಕೆ ಬದಲಾಗಿ ಬೆಳೆಯುವುದು. ೨೦೨೨ರಿಂದ ಈಚೆಗೆ ಎಷ್ಟೋ ಸಂಸಾರಗಳಲ್ಲಿ ನಡೆದುದು ಇದೇ ಬಗೆಯದು. ಕಂತು ಏರಲಿಲ್ಲವೆಂದು ನೆಮ್ಮದಿಯಾಗಿದ್ದವರು, ಸಾಲವು ತಮ್ಮ ನಿವೃತ್ತಿಯನ್ನೂ ದಾಟಿ ಹೋಗಿರುವುದನ್ನು ತಡವಾಗಿ ಕಂಡರು. ಬಡ್ಡಿ ಬದಲಾದಾಗ ಕಂತನ್ನು ಏರಿಸುವುದೋ ಅವಧಿಯನ್ನು ನೀಡುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ೨೦೨೩ರ ಆಗಸ್ಟಿನಲ್ಲಿ ಕಟ್ಟಳೆ ಮಾಡಿತು. ಏರಿಳಿಯುವ ಬಡ್ಡಿಯ ಮನೆಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲವೆಂಬುದನ್ನೂ ವಾಚಕರು ನೆನಪಿಡತಕ್ಕದ್ದು. ವರ್ಷಕ್ಕೊಮ್ಮೆ ಬ್ಯಾಂಕಿನಿಂದ ಸಾಲದ ಲೆಕ್ಕದ ಪಟ್ಟಿಯನ್ನು ತರಿಸಿ, ಇನ್ನೆಷ್ಟು ತಿಂಗಳು ಉಳಿದಿದೆಯೆಂಬ ಒಂದೇ ಅಂಕೆಯನ್ನು ನೋಡಿದರೂ ಸಾಕು.

ಈಗ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಬೆಲೆ ೮೦ ಲಕ್ಷ. ಅಂತಹುದೇ ಮನೆಗೆ ಅದೇ ಬೀದಿಯಲ್ಲಿ ಬಾಡಿಗೆ ೨೨,೦೦೦ ಎಂದಿಟ್ಟುಕೊಳ್ಳೋಣ. ಸಾಲವು ೩೦ ಲಕ್ಷವನ್ನು ಮೀರಿ ೭೫ ಲಕ್ಷದೊಳಗಿದ್ದರೆ ಬ್ಯಾಂಕು ಮನೆಯ ಬೆಲೆಯಲ್ಲಿ ನೂರಕ್ಕೆ ೮೦ರವರೆಗೆ ಮಾತ್ರ ಕೊಡಬಹುದು. ಮುದ್ರಾಂಕ ಮತ್ತು ನೋಂದಣಿಯ ವೆಚ್ಚವು ಅದರಲ್ಲಿ ಸೇರದು. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವು ನೂರಕ್ಕೆ ೫. ಅದರ ಮೇಲೆ ಉಪಕರ, ಅಧಿಭಾರಗಳು. ನೋಂದಣಿ ಶುಲ್ಕವು ೨೦೨೫ರ ಆಗಸ್ಟ್ ೩೧ರಿಂದ ನೂರಕ್ಕೆ ೧ರಿಂದ ೨ಕ್ಕೆ ಏರಿದೆ. ನಗರದಲ್ಲಿ ಎಲ್ಲವೂ ಸೇರಿ ಸುಮಾರು ೭.೬ ಆಗುವುದು, ಎಂದರೆ ೬,೦೮,೦೦೦ ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆಯು ಕ್ರಯಕ್ಕಿಂತ ಹೆಚ್ಚಾಗಿದ್ದರೆ ಶುಲ್ಕವನ್ನು ಆ ಹೆಚ್ಚಿನ ಬೆಲೆಯ ಮೇಲೆಯೇ ಕಟ್ಟಬೇಕು. ಇನ್ನೂ ಕಟ್ಟುತ್ತಿರುವ ಮನೆಯಾದರೆ ನೂರಕ್ಕೆ ೫ರಂತೆ ಜಿ.ಎಸ್.ಟಿ. ಬೇರೆ, ಅಗ್ಗದ ಮನೆಗಳಿಗೆ ೧. ಕಟ್ಟಿ ಮುಗಿದು ವಾಸಕ್ಕೆ ಪ್ರಮಾಣಪತ್ರ ಪಡೆದ ಮೇಲೆ ಮಾರುವುದಕ್ಕೆ ಈ ತೆರಿಗೆಯಿಲ್ಲ.

ನಮ್ಮ ಗೃಹಸ್ಥನು ೬೦ ಲಕ್ಷವನ್ನು ನೂರಕ್ಕೆ ೮ರ ಬಡ್ಡಿಯಲ್ಲಿ ೨೦ ವರ್ಷಕ್ಕೆ ತಂದನೆನ್ನಿ. ಕಂತು ೫೦,೧೮೬ ರೂಪಾಯಿ. ಮೂರು ವರ್ಷದಲ್ಲಿ ಅವನು ಕಟ್ಟಿದ ಮೊತ್ತ ೧೮ ಲಕ್ಷಕ್ಕೂ ಮಿಗಿಲು. ಅದರಲ್ಲಿ ಅಸಲಿಗೆ ಸಂದುದು ಸುಮಾರು ೪ ಲಕ್ಷ ೧೩ ಸಾವಿರ ಮಾತ್ರ. ಹತ್ತು ವರ್ಷ, ಎಂದರೆ ಅರ್ಧ ಅವಧಿ, ಕಳೆದಾಗಲೂ ೪೧ ಲಕ್ಷಕ್ಕೆ ಹೆಚ್ಚು ಸಾಲ ಉಳಿದೇ ಇರುವುದು. ಬಾಡಿಗೆಯ ಹಣವು ನೀರಿಗೆ ಹಾಕಿದಂತೆ ಎಂಬ ಮಾತನ್ನು ಕೇಳಿ ಕೇಳಿ ನಮಗೆ ಬೇಸರವಾಗಿದೆ. ಮೊದಲ ವರ್ಷಗಳ ಬಡ್ಡಿಯಾದರೂ ಎಲ್ಲಿ ಹಾಕಿದಂತಾಯಿತು? ಮೂರು ವರ್ಷದ ಬಾಡಿಗೆ ಎಂಟು ಲಕ್ಷದೊಳಗೆ. ಮೂರು ವರ್ಷದ ಬಡ್ಡಿ ಹದಿಮೂರು ಲಕ್ಷಕ್ಕೂ ಹೆಚ್ಚು. ಮುದ್ರಾಂಕದ ಆರು ಲಕ್ಷ ಬೇರೆ. ಮೂರು ವರ್ಷಕ್ಕೆ ವರ್ಗವಾಗಿ ಹೋಗುವವನು ಆ ಮನೆಯನ್ನು ಮಾರಿದರೆ, ಬೆಲೆಯು ಗಣನೀಯವಾಗಿ ಏರಿದ್ದ ಪಕ್ಷದಲ್ಲಿ ಮಾತ್ರ ನಷ್ಟದಿಂದ ತಪ್ಪಿಸಿಕೊಳ್ಳುವನು. ಹದಿನೈದು ವರ್ಷ ಅಲ್ಲಿಯೇ ಬಾಳುವವನಿಗಾದರೋ ಲೆಕ್ಕವು ಬೇರೆಯಾಗುವುದು. ಬಾಡಿಗೆಯು ವರ್ಷವರ್ಷಕ್ಕೂ ಏರುವುದು, ಕಂತು ಹೆಚ್ಚು ಕಡಮೆ ನಿಂತಲ್ಲಿಯೇ ನಿಲ್ಲುವುದು, ಸಂಬಳವು ಬೆಳೆಯುವುದು. ಮುದ್ರಾಂಕದ ಆರು ಲಕ್ಷವೂ ವರ್ಷಗಳಿಗೆ ಹಂಚಿ ಹಗುರಾಗುವುದು.

ಆದುದರಿಂದ ಮೊದಲು ಕೇಳಿಕೊಳ್ಳಬೇಕಾದುದು ಬೆಲೆ ಏರುವುದೇ ಎಂದಲ್ಲ. ಈ ಊರಿನಲ್ಲಿ, ಈ ಬಡಾವಣೆಯಲ್ಲಿ, ನಾವು ಇನ್ನೆಷ್ಟು ವರ್ಷ ಇರುವೆವು? ಮಕ್ಕಳ ಶಾಲೆ ಎಲ್ಲಿ? ಗಂಡಹೆಂಡಿರಲ್ಲಿ ಒಬ್ಬರ ಕೆಲಸ ನಿಂತರೆ ಎಷ್ಟು ತಿಂಗಳು ಕಂತನ್ನು ಕಟ್ಟಬಲ್ಲೆವು? ಇಬ್ಬರ ಸಂಬಳವನ್ನೂ ಸೇರಿಸಿ ಬ್ಯಾಂಕು ಸಾಲ ಕೊಡುವುದು. ಆದರೆ ಹೆರಿಗೆಗೂ ಕಾಯಿಲೆಗೂ ಕಂಪನಿಯ ಕಡಿತಕ್ಕೂ ಬ್ಯಾಂಕು ಹೊಣೆಯಲ್ಲ. ಆರು ತಿಂಗಳ ಕಂತು ಮತ್ತು ಮನೆಖರ್ಚು ಮುಟ್ಟದೆ ಇಟ್ಟ ಹಣವಾಗಿರಬೇಕೆಂದು ನಾವು ಹೇಳುವೆವು. ಒಬ್ಬರೇ ದುಡಿಯುವ ಮನೆಯಾದರೆ ಒಂದು ವರ್ಷದ್ದಾದರೂ ಇರಲಿ. ಇದಿಲ್ಲದವನಿಗೆ ಪೇಟೆಯು ಎಷ್ಟು ಅನುಕೂಲವಾಗಿದ್ದರೂ ಕಾಲವು ಬಂದಿಲ್ಲ. ಇದುಳ್ಳವನಿಗೆ ಪೇಟೆಯು ಬಿಸಿಯಾಗಿದ್ದರೂ ಕಾಲವು ಬಂದಿರಬಹುದು.

ನಿವೃತ್ತಿಯ ಹಣದ ವಿಚಾರವಾಗಿ ಇಲ್ಲಿಯೇ ಎರಡು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ನಮ್ಮೊಡನೆ ಬಹುಕಾಲ ಕೆಲಸ ಮಾಡಿದ ಗಣಿತದ ಉಪಾಧ್ಯಾಯರೊಬ್ಬರು ನಿವೃತ್ತರಾದಾಗ, ಮಗನು ಕೊಳ್ಳಲಿದ್ದ ಒಂದು ಫ್ಲ್ಯಾಟಿಗೆ ಮುಂಗಡವಾಗಿ ತಮ್ಮ ಗ್ರಾಚ್ಯುಯಿಟಿಯನ್ನೂ ಪಿಂಚಣಿಯ ಪರಿವರ್ತಿತ ಹಣವನ್ನೂ ಕೊಟ್ಟರು. ಕಟ್ಟಡವು ನಾಲ್ಕನೆಯ ಅಂತಸ್ತಿಗೆ ನಿಂತುಬಿಟ್ಟಿತು. ಮಗನು ಬಾಡಿಗೆಯನ್ನೂ ಕಟ್ಟಬೇಕು, ಕಾಣದ ಮನೆಯ ಬಡ್ಡಿಯನ್ನೂ ಕಟ್ಟಬೇಕು. ತಂದೆಯು ಅರುವತ್ತಾರನೆಯ ವಯಸ್ಸಿನಲ್ಲಿ ಸಂಜೆಯ ಹೊತ್ತು ಹುಡುಗರಿಗೆ ಮನೆಪಾಠ ಹೇಳುತ್ತಿರುವರು. ಅವರು ಮಗನನ್ನು ಒಂದು ಮಾತೂ ಅಂದವರಲ್ಲ, ಮಗನೂ ತಂದೆಯ ಮುಖವನ್ನು ನೇರವಾಗಿ ನೋಡಲಾರದೆ ಇರುವನು. ಹಣದ ನಷ್ಟಕ್ಕಿಂತ ಇದು ಹೆಚ್ಚಿನದೆಂದು ನಮಗೆ ತೋರಿತು. ಮಕ್ಕಳಿಗೆ ಸಹಾಯ ಮಾಡಬಾರದೆಂದು ನಾವು ಹೇಳುವುದಿಲ್ಲ. ತಂದೆತಾಯಿಗಳ ಔಷಧಕ್ಕೂ ಊಟಕ್ಕೂ ಬೇಕಾದುದನ್ನು ಬೇರೆಯಾಗಿ ತೆಗೆದಿಟ್ಟು, ಉಳಿದುದರಲ್ಲಿ ಕೊಡಲಿ; ಕಟ್ಟಿ ಮುಗಿದ ಮನೆಗೆ ಕೊಡಲಿ; ಕೊಟ್ಟವರ ಹೆಸರು ಕ್ರಯಪತ್ರದಲ್ಲಿ ಇರಲಿ. ಕೊನೆಯ ಮಾತನ್ನು ಕೇಳಿ ಕೆಲವರಿಗೆ ನೋವಾಗಬಹುದು. ಹೆಸರನ್ನು ಬರೆಯಿಸುವುದು ಅಪನಂಬಿಕೆಯೆಂದು ಭಾವಿಸಬೇಕಾಗಿಲ್ಲ. ಮಗನಿಗೆ ಅಕಾಲದಲ್ಲಿ ಏನಾದರೂ ಆದರೆ ವೃದ್ಧರು ಕಚೇರಿಗಳನ್ನು ಅಲೆಯುವುದು ತಪ್ಪುವುದು.

ಕೊಳ್ಳದೆ ಕಾಯುವವರಿಗೂ ಅಪಾಯವಿಲ್ಲದೆ ಇಲ್ಲ. ಬೆಂಗಳೂರಿನ ಬಾಡಿಗೆ ಮನೆಗಳಿಗೆ ಹತ್ತು ತಿಂಗಳ ಮುಂಗಡವನ್ನು ಕೇಳುವ ಹಳೆಯ ರೂಢಿಯುಂಟು. ಇನ್ನೊಂದು ರೂಢಿ ಭೋಗ್ಯದ್ದು. ದೊಡ್ಡ ಮೊತ್ತವನ್ನು ಒಮ್ಮೆಗೇ ಯಜಮಾನನಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣವನ್ನು ಹಿಂದಕ್ಕೆ ಪಡೆಯುವುದು. ಇದು ಅಗ್ಗವಾಗಿ ಕಾಣುವುದು ನಿಜ. ಆದರೆ ಯಜಮಾನನು ಅದೇ ಮನೆಯನ್ನು ಬ್ಯಾಂಕಿಗೆ ಆಧಾರ ಮಾಡಿ ಸಾಲ ತೀರಿಸದೆ ಹೋದರೆ, ಭೋಗ್ಯದವನ ಹಣಕ್ಕೆ ದಿಕ್ಕಿಲ್ಲ. ಬರಿಯ ಛಾಪಾಕಾಗದದ ಮೇಲಿನ ಕರಾರು ಆಗ ಹೆಚ್ಚಿನ ಬಲವನ್ನು ಕೊಡದು. ಋಣಭಾರ ಪತ್ರವನ್ನು ತೆಗೆಸಿ ನೋಡಿ, ಭೋಗ್ಯಪತ್ರವನ್ನು ನೋಂದಾಯಿಸಿಕೊಳ್ಳತಕ್ಕದ್ದು. ಮುಂದೆ ಮನೆ ಕೊಳ್ಳಬೇಕೆಂದು ಕೂಡಿಟ್ಟ ಹಣವೇ ಇಲ್ಲಿ ಸಿಕ್ಕಿಬೀಳುವುದರಿಂದ ಈ ಎಚ್ಚರಿಕೆಯನ್ನು ಹೇಳಿದೆವು.

ಬಡಾವಣೆಗಳ ಚಿತ್ರಪಟದಲ್ಲಿ ತೋರಿಸುವ ರಸ್ತೆ ರೈಲುಗಳನ್ನು ಕುರಿತು ಬರೆಯುವುದಾದರೆ ಒಂದು ಪುಸ್ತಕವೇ ಆದೀತು. ನಗರದ ಸುತ್ತಲೂ ಬರಬೇಕಾಗಿದ್ದ ಪೆರಿಫೆರಲ್ ರಿಂಗ್ ರಸ್ತೆಯ ಮಾತು ಹುಟ್ಟಿ ಎರಡು ದಶಕಗಳು ಸಂದುವು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೋ ಹಳದಿ ಮಾರ್ಗವು ಹಲವು ಗಡುವುಗಳನ್ನು ದಾಟಿ ೨೦೨೫ರ ಆಗಸ್ಟ್ ೧೦ರಂದು ತೆರೆಯಿತು. ಅದು ಬರುವುದೆಂದು ನಂಬಿ ಮೊದಲೇ ಮನೆ ಕೊಂಡವರು ವರ್ಷಗಟ್ಟಳೆ ಸಿಲ್ಕ್ ಬೋರ್ಡಿನ ವಾಹನಗಳ ಸಂದಣಿಯಲ್ಲಿ ಹೊಗೆಯನ್ನು ಕುಡಿದರು. ಬರಲಿರುವ ರೈಲಿನ ಬೆಲೆಯನ್ನು ಮಾರುವವನು ಇಂದೇ ಕೇಳುವನು. ರೈಲು ಮಾತ್ರ ತನ್ನ ಕಾಲಕ್ಕೆ ಬರುವುದು. ಇಂದು ಓಡುತ್ತಿರುವ ಬಸ್ಸಿನಲ್ಲಿ, ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ, ಒಮ್ಮೆ ಆ ಮನೆಯಿಂದ ಕಚೇರಿಯವರೆಗೆ ಹೋಗಿ ನೋಡತಕ್ಕದ್ದು. ಭಾನುವಾರ ಮಧ್ಯಾಹ್ನ ಮಾರುವವನ ಕಾರಿನಲ್ಲಿ ಹೋಗಿ ಬಂದು ದೂರವನ್ನು ಅಳೆಯುವವರೇ ಹೆಚ್ಚು.

ಕಾಗದಪತ್ರಗಳು ಪಕ್ವವಾಗಿಲ್ಲದ ಮನೆಗೆ ಎಂದೂ ಕಾಲವಿಲ್ಲ. ಇದನ್ನು ನಾವು ಬಿಗಿಯಾಗಿಯೇ ಹೇಳುವೆವು. ಮೂಲಪತ್ರದಿಂದ ಇಂದಿನ ಮಾಲೀಕನವರೆಗೆ ಹಕ್ಕಿನ ಸರಪಣಿಯು ತುಂಡಾಗದೆ ಬಂದಿದೆಯೇ? ಹಿಂದಿನ ಮಾಲೀಕನು ಸತ್ತಿದ್ದರೆ ಹೆಣ್ಣುಮಕ್ಕಳೂ ಸೇರಿ ವಾರಸುದಾರರೆಲ್ಲರೂ ರುಜು ಹಾಕಿರುವರೇ? ಹೊಲವಾಗಿದ್ದ ನೆಲಕ್ಕೆ ಭೂಪರಿವರ್ತನೆ ಆಗಿದೆಯೇ? ರೆವಿನ್ಯೂ ಸೈಟುಗಳು ಅಗ್ಗವೆಂದು ಕೊಂಡು, ಬಳಿಕ ಬ್ಯಾಂಕಿನ ಸಾಲವೂ ಸಿಕ್ಕದೆ, ನಕ್ಷೆಗೆ ಒಪ್ಪಿಗೆಯೂ ದೊರೆಯದೆ, ಬಿ ಖಾತೆಯನ್ನು ಹಿಡಿದುಕೊಂಡು ಎ ಖಾತೆಯ ಕನಸು ಕಾಣುತ್ತಿರುವವರು ಈ ನಗರದಲ್ಲಿ ಲಕ್ಷಗಟ್ಟಳೆ ಇರುವರು. ಈಗ ನೋಂದಣಿಗೆ ಇ-ಖಾತೆಯೂ ಬೇಕಾಗಿರುವುದರಿಂದ, ಮುಂಗಡ ಕೊಡುವುದಕ್ಕೆ ಮುಂಚೆಯೇ ಅದನ್ನು ಕೇಳುವುದು ಮೇಲು. ಸರ್ಕಾರದ ಬಡಾವಣೆಯೆಂದು ಕಣ್ಣು ಮುಚ್ಚಬೇಕಾಗಿಲ್ಲ. ಅರ್ಕಾವತಿ ಬಡಾವಣೆಗೆ ೨೦೦೪ರಲ್ಲಿ ಅಂತಿಮ ಅಧಿಸೂಚನೆಯಾಗಿ, ಭೂಸ್ವಾಧೀನದ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಗಿ, ನಿವೇಶನ ಸಿಕ್ಕಿತೆಂದು ಸಿಹಿ ಹಂಚಿದವರಲ್ಲಿ ಎಷ್ಟೋ ಮಂದಿ ಹತ್ತು ವರ್ಷಕ್ಕೂ ಮಿಗಿಲಾಗಿ ಕಾದರು.

ಫ್ಲ್ಯಾಟುಗಳ ವಿಷಯದಲ್ಲಿ ೨೦೧೬ರ ರೇರಾ ಕಾಯಿದೆಯು ಗೃಹಸ್ಥರಿಗೆ ಒಂದು ಊರುಗೋಲಾಗಿದೆ. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ ೭೦ನ್ನು ಆ ಕಟ್ಟಡಕ್ಕಾಗಿಯೇ ಬೇರೆ ಖಾತೆಯಲ್ಲಿಡಬೇಕು. ಕರಾರುಪತ್ರವನ್ನು ನೋಂದಾಯಿಸುವ ಮುನ್ನ ನೂರಕ್ಕೆ ೧೦ಕ್ಕಿಂತ ಹೆಚ್ಚು ಹಣವನ್ನು ಪಡೆಯಕೂಡದು. ಗೋಡೆಗಳ ನಡುವಣ ನಿಜವಾದ ವಿಸ್ತೀರ್ಣವನ್ನು ತಿಳಿಸಬೇಕು. ಕಟ್ಟಡದ ದೋಷಗಳಿಗೆ ೫ ವರ್ಷ ಹೊಣೆಯಾಗಿರಬೇಕು. ೧,೫೦೦ ಅಡಿಯೆಂದು ಹೇಳಿದ ಮನೆಯಲ್ಲಿ ಚಾಪೆ ಹಾಸಲು ಸಿಕ್ಕುವುದು ಎಷ್ಟೋ ವೇಳೆ ೧,೧೦೦ ಅಡಿಗೂ ಕಡಮೆ. ಮಿಕ್ಕುದು ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲು. ಆದರೆ ೫೦೦ ಚದರ ಮೀಟರಿಗೆ ಮೀರದ ನೆಲದಲ್ಲಿಯೋ ಎಂಟಕ್ಕೆ ಮೀರದ ಮನೆಗಳಾಗಿಯೋ ಕಟ್ಟಿದರೆ ಅಲ್ಲಿ ನೋಂದಣಿಯ ಕಡ್ಡಾಯವಿಲ್ಲ. ಬಡಾವಣೆಗಳ ಒಳಬೀದಿಗಳಲ್ಲಿ ಏಳುವ ಸಣ್ಣ ಅಪಾರ್ಟ್‌ಮೆಂಟುಗಳಲ್ಲಿ ಅನೇಕವು ಈ ಸಂದಿನಲ್ಲಿಯೇ ನುಸುಳುವುವು. ರೇರಾದಿಂದ ಆಜ್ಞೆ ದೊರೆಯುವುದೊಂದು, ಆ ಆಜ್ಞೆಯಂತೆ ಹಣ ಕೈಸೇರುವುದು ಇನ್ನೊಂದು ಎಂಬುದನ್ನೂ ಹೇಳಬೇಕು.

ವಾಸಯೋಗ್ಯ ಪ್ರಮಾಣಪತ್ರ, ಎಂದರೆ ಜನರು ಓ.ಸಿ. ಎನ್ನುವುದು, ಇಲ್ಲದ ಕಟ್ಟಡಗಳಲ್ಲಿ ವರ್ಷಗಟ್ಟಳೆ ಬಾಳುತ್ತಿರುವವರು ಬಹಳ. ಇದು ಬರಿಯ ಕಾಗದವೆಂಬ ಉದಾಸೀನವು ೨೦೨೪ರ ಡಿಸೆಂಬರಿನ ತರುವಾಯ ನಡೆಯದಾಯಿತು. ಈ ಪತ್ರವಿಲ್ಲದೆ ಕಟ್ಟಡಗಳಿಗೆ ನೀರು, ವಿದ್ಯುತ್ತುಗಳ ಸಂಪರ್ಕವನ್ನು ಕೊಡಕೂಡದೆಂದು ಸುಪ್ರೀಂ ಕೋರ್ಟು ಆಗ ತೀರ್ಪಿತ್ತಿತು. ನಮ್ಮ ರಾಜ್ಯದಲ್ಲಿ ೨೦೨೫ರಲ್ಲಿ ಹೊಸ ಮನೆಗಳನ್ನು ಕಟ್ಟಿಸಿ ದೀಪವಿಲ್ಲದೆ ಕುಳಿತವರ ಗೋಳನ್ನು ಪತ್ರಿಕೆಗಳಲ್ಲಿ ಓದಿದೆವು.

ನೆಲದ ಗುಣವನ್ನು ನೋಡುವ ಪದ್ಧತಿಯು ನಮ್ಮಲ್ಲಿ ಹಳೆಯದು. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಒಂದು ಪರೀಕ್ಷೆಯನ್ನು ಹೇಳಿರುವನು. ಒಂದು ಮೊಳ ಆಳದ ಗುಳಿಯನ್ನು ತೋಡಿ, ಅದೇ ಮಣ್ಣಿನಿಂದ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ನೆಲವು ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅಧಮ. ಗುಳಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಬಂದು ನೋಡುವುದು ಇನ್ನೊಂದು ಪರೀಕ್ಷೆ. ಭೂಮಿಯೊಳಗಿನ ನೀರನ್ನು ಕಂಡುಹಿಡಿಯುವುದಕ್ಕಾಗಿ ದಕಾರ್ಗಲವೆಂಬ ಬೇರೆ ಅಧ್ಯಾಯವೇ ಆ ಗ್ರಂಥದಲ್ಲಿದೆ. ಇಂದು ವಾಸ್ತುವೆಂದರೆ ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಆಗ್ನೇಯದಲ್ಲಿದೆಯೇ ಎಂಬುದನ್ನು ಮಾತ್ರ ಜನರು ವಿಚಾರಿಸುವರು. ಮಣ್ಣನ್ನೂ ನೀರನ್ನೂ ಕೇಳುವವರಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ರಾಜಕಾಲುವೆಯ ದಾರಿಯಲ್ಲಿ, ಕೆರೆಯ ಅಂಗಳದಲ್ಲಿ ಕಟ್ಟಿದುದರ ಫಲವದು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ನೀರಿಗೆ ಸರ್ಕಾರವೇ ದರವನ್ನು ಗೊತ್ತುಮಾಡಬೇಕಾಯಿತು. ಬಾಗಿಲು ಪೂರ್ವಕ್ಕಿದ್ದ ಮನೆಗಳೂ ಆ ಸಂಕಟದಿಂದ ತಪ್ಪಿಸಿಕೊಳ್ಳಲಿಲ್ಲ. ಆದುದರಿಂದ ಒಂದು ಮನೆಯನ್ನು ಏಪ್ರಿಲ್‌ನಲ್ಲಿ ಒಮ್ಮೆ, ದೊಡ್ಡ ಮಳೆಯ ಮಾರನೆಯ ದಿನ ಒಮ್ಮೆ ಹೋಗಿ ನೋಡಬೇಕು. ಕಾವೇರಿಯ ನೀರು ನಲ್ಲಿಗೆ ಬರುವುದೋ ಅಥವಾ ಬರಲಿದೆಯೋ ಎಂಬುದನ್ನು ಮಾರುವವನನ್ನಲ್ಲ, ಎದುರುಮನೆಯ ಗೃಹಿಣಿಯನ್ನು ಕೇಳಬೇಕು.

ಕೊನೆಗೆ ಪಂಚಾಂಗದ ಮಾತು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ನಮ್ಮವರು ಗೃಹಪ್ರವೇಶ ಮಾಡುವುದಿಲ್ಲ; ಅದು ಸರಿಯೇ. ಆದರೆ ಆ ತಿಂಗಳುಗಳಲ್ಲಿ ಮನೆಯನ್ನು ನೋಡುವುದನ್ನೂ ಬಿಟ್ಟುಬಿಡುವುದು ಯಾವ ಶಾಸ್ತ್ರವೆಂದು ನಮಗೆ ತಿಳಿಯದು. ಯುಗಾದಿಗೂ ಅಕ್ಷಯ ತದಿಗೆಗೂ ದಸರೆಗೂ ಮಾರುವವರು ತೋರಣ ಕಟ್ಟಿ ಕಾದಿರುವರು. ಗಿರಾಕಿಗಳು ನೆರೆದಿರುವಾಗ ದರದ ಮಾತನ್ನು ಯಾರು ಕೇಳುವರು? ಆಷಾಢದಲ್ಲಿ ಅದೇ ಮಾರುವವನು ಕುರ್ಚಿ ಎಳೆದು ಕುಳ್ಳಿರಿಸಿ ಕಾಫಿ ಕೊಡುವನು. ಬೆಲೆಯನ್ನು ಜಗ್ಗುವುದಕ್ಕೂ, ಪತ್ರಗಳ ನಕಲನ್ನು ಪಡೆದು ವಕೀಲರಿಂದ ಓದಿಸುವುದಕ್ಕೂ, ಮಳೆಯಲ್ಲಿ ಗೋಡೆ ಸೋರುವುದನ್ನು ಕಣ್ಣಾರೆ ನೋಡುವುದಕ್ಕೂ ಆ ತಿಂಗಳು ಅನುಕೂಲವಾದುದು. ಪತ್ರಗಳೆಲ್ಲ ಸರಿಯಾಗಿ, ಲೆಕ್ಕವೂ ಕೂಡಿಬಂದರೆ, ನೋಂದಣಿಯನ್ನು ಶ್ರಾವಣಕ್ಕೆ ಇಟ್ಟುಕೊಳ್ಳಬಹುದು. ವಕೀಲರು ಮೂವತ್ತು ವರ್ಷದ ಋಣಭಾರ ಪತ್ರವನ್ನು ನೋಡುವುದಕ್ಕೆ ಅಷ್ಟು ದಿನ ಹೇಗೂ ಬೇಕಾಗುವುದು.